ಪೊರೆಯ ‘ಹದ’ ಜಾಸ್ತಿಯಾಗುತ್ತದೆಯೇ? ಒಂದು ಪದ ಬೇಕಾಗಿದೆ

ಗೆಳೆಯರೇ,

ಶಿರಸಿಯಲ್ಲಿ ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುತ್ತೇನೆ. ಪ್ರಾಣಿಗಳ ಜೀವಕೋಶದ ಪೊರೆಯ ಬಗ್ಗೆ ಕನ್ನಡದಲ್ಲಿ ಟಿಪ್ಪಣಿ ಬರೆಯುವಾಗ ಒಂದು ಪದಕ್ಕೆ ಸಿಕ್ಕಿಬಿದ್ದಿದ್ದೇನೆ.

ಪೊರೆ ಅಂದರೆ ಕೊಬ್ಬಿನ ಅಣುಗಳ ಎರಡು ಪದರ, ನಡುನಡುವೆ ಪ್ರೋಟೀನು. ಅಣುಗಳು ಅದರೊಳಗೆ ಅತ್ತಿತ್ತ ಸರಿದಾಡುತ್ತಲೇ ಇರುತ್ತವೆ. ಈ ಗುಣಕ್ಕೆ ‘ದ್ರವತೆ’ ಎಂದರೆ ಮಕ್ಕಳು ಕೂಡಲೇ ನೀರನ್ನು ನೆನೆಸಿಕೊಳ್ಳುತ್ತಾರೆ. ನೀರಲ್ಲ, ಜೋನಿ ಬೆಲ್ಲ ಅಂತ ನಾನು ಹೇಳುವುದು.

ಕೊಲೆಸ್ಟರಾಲ್ ಕೆಲಸ ಇಲ್ಲೇ. ಅದರ ಉಂಗುರಗಳ ಗಟ್ಟಿ ಭಾಗ ಕೊಬ್ಬಿನ ಅಣುಗಳ ಬಾಲಗಳ ನಡುವೆ ತೂರಿ ನಿಲ್ಲುತ್ತದೆ. ಬಿಸಿಯಲ್ಲಿ ಬಾಲಗಳ ಕುಣಿತಕ್ಕೆ ಲಗಾಮು ಹಾಕುತ್ತದೆ. ಚಳಿಯಲ್ಲಿ ಅವೇ ಬಾಲಗಳು ಒತ್ತೊತ್ತಾಗಿ ಸೇರಿ, ಡಿಸೆಂಬರಿನ ಬೆಳಿಗ್ಗೆ ನಮ್ಮೂರ ತೆಂಗಿನೆಣ್ಣೆಯ ಹಾಗೆ ಗಟ್ಟಿಯಾಗದಂತೆ ತಡೆಯುತ್ತದೆ. ಹೆಸರು ನೋಡಿದರೆ ಇದರಲ್ಲಿ ಅರ್ಧವೇ ತಿಳಿಯುವುದು. ಗ್ರೀಕಿನ ‘ಪಿತ್ತ’ ಮತ್ತು ‘ಗಟ್ಟಿ’ ಸೇರಿ ಆದ ಹೆಸರು ಅದು. ಮೊದಲು ಸಿಕ್ಕಿದ್ದು ಪಿತ್ತಕೋಶದ ಕಲ್ಲಿನಲ್ಲಿ. (ಅಡಿಕೆ ಮರದ ಜೀವಕೋಶಕ್ಕೂ ಪೊರೆ ಇದೆ. ಆದರೆ ಗಿಡಮರಗಳಲ್ಲಿ ಈ ಕೆಲಸ ಹೆಚ್ಚಾಗಿ ಸಿಟೊಸ್ಟೆರಾಲ್‌ನಂಥ ದಾಯಾದಿಗಳದ್ದು. ಹಾಗಿರುವಾಗ ಅಡುಗೆ ಎಣ್ಣೆ ಪ್ಯಾಕೆಟ್ ಮೇಲೆ ‘ಕೊಲೆಸ್ಟರಾಲ್ ಇಲ್ಲ’ ಎಂದು ದೊಡ್ಡದಾಗಿ ಬರೆಯುವುದರಲ್ಲಿ ಹೆಚ್ಚುಗಾರಿಕೆ ಏನು ಬಂತು, ಅಲ್ವಾ?)

‘ಕೊಲೆಸ್ಟರಾಲ್ ಪೊರೆಯ ಹದ ಕಾಯುತ್ತದೆ’ ಎಂದು ಬರೆದೆ. ಆಲೆಮನೆ ನೋಡಿದ ಮಕ್ಕಳಿಗೆ ತಟ್ಟನೆ ಹೊಳೆಯಿತು. ಕಾರವಾರದ ಗೆಳತಿಯೊಬ್ಬರು, ಅವರೂ ಟೀಚರೇ, ತಕರಾರು ತೆಗೆದರು. ಹದ ಬರುತ್ತದೆ, ಇಲ್ಲವೇ ತಪ್ಪುತ್ತದೆ. ‘ಬಿಸಿ ಏರಿದಂತೆ ಪಾಕದ ಹದ ಜಾಸ್ತಿಯಾಯಿತು’ ಎಂದು ಯಾರಾದರೂ ಹೇಳುತ್ತಾರಾ? ಒಪ್ಪಲೇಬೇಕಾಯಿತು. ಬೇಕಿರುವುದು ಏರುವ, ಇಳಿಯುವ, ಅಳೆಯಬಹುದಾದ ಗುಣದ ಹೆಸರು.

ಆಮೇಲೆ ‘ಸಡಿಲ’ ಹಾಕಿ ನೋಡಿದೆ: ‘ಚಳಿಯಲ್ಲಿ ಪೊರೆಯ ಸಡಿಲ ಕಡಿಮೆಯಾಗುತ್ತದೆ.’ ವಾಕ್ಯವೇನೋ ನಿಂತಿತು. ಆದರೆ ಸಡಿಲ ಅಂದರೆ ನಟ್ಟು ಬೋಲ್ಟು ನೆನಪಾಗಿ, ಏನೋ ಕೆಟ್ಟಿದೆ ಅನಿಸುತ್ತದೆ. ‘ಹರಿವು’ ಅಂದರೆ ಸೀದಾ ಅಘನಾಶಿನಿ ಹೊಳೆಗೇ ಹೋಗಿಬಿಡುತ್ತದೆ.

ಅಡುಗೆಮನೆಯಲ್ಲಿ ‘ಮಂದ’ ಇದೆ. ಸಾರು ಮಂದ ಜಾಸ್ತಿಯಾಯಿತು, ಸ್ವಲ್ಪ ನೀರು ಹಾಕು ಎನ್ನುತ್ತೇವೆ. ಅಳತೆಗೆ ಚೆನ್ನಾಗಿ ಒಗ್ಗುವ ಮಾತು. ತೊಂದರೆ ಏನೆಂದರೆ ಅದು ನನಗೆ ಬೇಕಾದ್ದರ ತದ್ವಿರುದ್ಧ. ಅದರ ಎದುರು ಪದ ‘ತೆಳು’ ಅನ್ನೋಣವೆಂದರೆ, ‘ತೆಳುವಾದ ಪೊರೆ’ ಅಂದ ಕೂಡಲೇ ಮಕ್ಕಳು ದಪ್ಪವನ್ನು ಅಳೆಯಲು ಹೊರಡುತ್ತಾರೆ.

ನಿಮ್ಮ ಕಡೆ ಪಾಕಕ್ಕೋ, ಜೋನಿಗೋ, ಹಿಟ್ಟಿಗೋ ‘ಮಂದ’ದ ಎದುರಿಗೆ ಏನು ಹೇಳುತ್ತೀರಿ? ‘ನೀರು ನೀರು’ ಬಿಟ್ಟು!