ಮೇಂಟೇನರ್‌ಗಳನ್ನು "ಯಾಕೆ ಮಾಡ್ತೀರಿ" ಅಂತ ಕೇಳಿದರೆ ಎಲ್ಲರದ್ದೂ ಒಂದೇ ಉತ್ತರ

ತುಂಗೆದಡ:
ನಾನು ಶಿವಮೊಗ್ಗದಲ್ಲಿ ಇಂಜಿನಿಯರಿಂಗ್ ಮೂರನೇ ವರ್ಷ. ಎರಡು ತಿಂಗಳ ರಿಸರ್ಚ್ ಇಂಟರ್ನ್‌ಶಿಪ್ ಸಿಕ್ಕಿದೆ. ಓಪನ್ ಸೋರ್ಸ್ (ಕೋಡ್ ಎಲ್ಲರಿಗೂ ತೆರೆದಿರುವ) ಸಾಫ್ಟ್‌ವೇರ್ ನೋಡಿಕೊಳ್ಳುವವರನ್ನು, ಅಂದರೆ ಮೇಂಟೇನರ್‌ಗಳನ್ನು ಮಾತಾಡಿಸಿ, ಸಂಬಳ ಇಲ್ಲದೆ ಯಾಕೆ ಮಾಡುತ್ತಾರೆ ಅಂತ ತಿಳಿಯಬೇಕು. ಇಲ್ಲಿವರೆಗೆ ಆರು ಜನ ಸಿಕ್ಕಿದ್ದಾರೆ. ಆರೂ ಜನ "ಖುಷಿಗೆ" ಅಂದರು! ಇಷ್ಟನ್ನೇ ಬರೆದುಕೊಂಡು ಹೋದರೆ ಗೈಡ್ ನಗುತ್ತಾರೆ. ಬೇರೆ ಏನು ಕೇಳಲಿ?

ಅಡಿಕೆದಬ್ಬೆ:
ಮಾರಾಯ್ರೆ, ನನ್ನನ್ನು ಕೇಳಿದ್ದರೂ ಖುಷಿಗೆ ಅಂತಲೇ ಹೇಳುತ್ತಿದ್ದೆ. ತೀರ್ಥಹಳ್ಳಿ ಕಡೆ ತೋಟ ನನ್ನದು. ಕನ್ನಡ ಅಂಕಿಗಳಲ್ಲಿ ತಾರೀಕು ಬರೆಯುವ ಸಣ್ಣ ಲೈಬ್ರರಿಯೊಂದನ್ನು (ಬೇರೆ ಪ್ರೋಗ್ರಾಂಗಳು ಬಳಸಿಕೊಳ್ಳುವ ಕೋಡ್) ಒಂಬತ್ತು ವರ್ಷದಿಂದ ನೋಡಿಕೊಳ್ಳುತ್ತಿದ್ದೇನೆ. ಕಳೆದ ಆಷಾಢದಲ್ಲಿ ಮೂರು ದಿನ ಕರೆಂಟ್ ಇರಲಿಲ್ಲ. ಬಂದ ಕೂಡಲೇ ನೋಡಿದೆ, ಯಾರೋ ಇಶ್ಯೂ (ತಪ್ಪಿನ ದೂರು) ಹಾಕಿದ್ದರು: ಫೆಬ್ರವರಿ 29 ಕೊಟ್ಟರೆ ಮಾರ್ಚ್ 1 ಬರುತ್ತಿದೆ. ತಪ್ಪು ನನ್ನದೇ. ಬಚ್ಚಲ ಒಲೆ ಹತ್ತಿರ ಕೂತು ರಾತ್ರಿ ಎರಡರವರೆಗೆ ಸರಿ ಮಾಡಿದೆ. ಅದು ಖುಷಿಗೆ ಮಾಡಿದ್ದಲ್ಲ, ನಾಚಿಕೆಗೆ. ಶುರು ಮಾಡಿದ್ದು ಖುಷಿಗೆ, ಅದು ನಿಜ. ಬಿಡದೇ ಇರುವುದಕ್ಕೆ ಕಾರಣ ಬೇರೆ. "ಯಾಕೆ" ಬಿಡಿ, "ಕಳೆದ ವಾರ ಏನು ಮಾಡಿದಿರಿ, ಎಷ್ಟು ಹೊತ್ತಿಗೆ ಎದ್ದಿರಿ" ಅಂತ ಕೇಳಿ.

ಸಾಗರದಹುಡುಗಿ:
"ಸಂಬಳ ಇಲ್ಲದೆ" ಅಂತ ಮೊದಲೇ ತೀರ್ಮಾನ ಮಾಡಬೇಡಿ. ಲಿನಕ್ಸ್ ಕರ್ನಲ್‌ಗೆ (ಲಿನಕ್ಸ್ ಆಪರೇಟಿಂಗ್ ಸಿಸ್ಟಂನ ತಿರುಳಿಗೆ) ಬರುವ ಕೋಡ್‌ನಲ್ಲಿ ಹೆಚ್ಚಿನದು ಕಂಪನಿಗಳ ಸಂಬಳದಲ್ಲಿ ಇರುವವರದ್ದು. ಎಕ್ಸ್‌ಜೆಡ್ (ಫೈಲ್ ಕುಗ್ಗಿಸುವ ಓಪನ್ ಸೋರ್ಸ್ ಸಾಫ್ಟ್‌ವೇರ್) ಕಥೆಯನ್ನೂ ಓದಿ. 2022ರಲ್ಲಿ ಅದರ ಮೇಂಟೇನರ್ "ಇದು ಸಂಬಳವಿಲ್ಲದ ಹವ್ಯಾಸ, ಮನಸ್ಸೂ ಸರಿಯಿಲ್ಲ" ಎಂಬರ್ಥದಲ್ಲಿ ಮೇಲಿಂಗ್ ಲಿಸ್ಟ್‌ನಲ್ಲಿ ಬರೆದಿದ್ದರು. ಬೇಗ ಮಾಡಿ ಅಂತ ಪೀಡಿಸುವವರು ಪೀಡಿಸುತ್ತಲೇ ಇದ್ದರು. ಕೊನೆಗೆ ನೆರವಿಗೆ ಅಂತ ಬಂದವನ ಕೈಗೆ ಕೀಲಿ, ಅಂದರೆ ಕೋಡ್ ಬದಲಿಸುವ ಅಧಿಕಾರ, ಹೋಯಿತು. 2024ರ ಮಾರ್ಚ್‌ನಲ್ಲಿ ಅವನು ಕೋಡ್‌ನಲ್ಲಿ ಬಚ್ಚಿಟ್ಟಿದ್ದ ಹಿಂಬಾಗಿಲು (ಕದ್ದು ಒಳಗೆ ಬರುವ ದಾರಿ) ಸಿಕ್ಕಿತು. ಅದೂ ಲಾಗಿನ್ ಅರ್ಧ ಸೆಕೆಂಡ್ ತಡವಾಗುತ್ತಿದೆ ಅಂತ ಒಬ್ಬ ಇಂಜಿನಿಯರ್ ಕೆದಕಿದ್ದಕ್ಕೆ. ಆ ಮೇಲ್‌ಗಳು ಈಗಲೂ ಎಲ್ಲರಿಗೂ ಓದಲು ಸಿಗುತ್ತವೆ. ಬಿಟ್ಟು ಹೋದವರನ್ನೂ ಹುಡುಕಿ ಮಾತಾಡಿಸಿ. ಇರುವವರನ್ನೇ ಕೇಳಿದರೆ ಅರ್ಧ ಕಥೆ ಅಲ್ವಾ?

ತುಂಗೆದಡ:
ಏಳನೆಯವರಿಗೆ "ಕಳೆದ ವಾರ" ಅಂತ ಕೇಳಿದೆ. ಒಂದು ಗಂಟೆ ಹತ್ತು ನಿಮಿಷ ಮಾತಾಡಿದರು. ನಲವತ್ತನೇ ನಿಮಿಷಕ್ಕೆ ನನ್ನ ಫೋನ್ ಚಾರ್ಜ್ ಮುಗಿಯಿತು, ಉಳಿದದ್ದು ಕೈಬರಹ. ಅಡಿಕೆದಬ್ಬೆ ಅಣ್ಣ, ನಿಮ್ಮನ್ನೂ ಮಾತಾಡಿಸಬಹುದಾ?

ಅಡಿಕೆದಬ್ಬೆ:
ಕೊಯ್ಲು ನಡೀತಾ ಇದೆ, ರಾತ್ರಿ ಸುಲಿತ. ಭಾನುವಾರ ಬನ್ನಿ. ಮಂಡಗದ್ದೆ ದಾಟುವ ಮೊದಲೇ ಫೋನ್ ಮಾಡಿ, ನಮ್ಮ ತಿರುವಿನಲ್ಲಿ ಸಿಗ್ನಲ್ ಇಲ್ಲ.