ಸಹಾಯ ಬೇಕು: ಕ್ಲೌಡ್‌ಗೆ ಹಾಕಿದ ಫೈಲ್‌ಗಳ ಮೂಲ ದಿನಾಂಕ ಉಳಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ವಿಂಡೋಸ್ ಲ್ಯಾಪ್‌ಟಾಪ್‌ನಿಂದ ಸುಮಾರು 80 ಜಿಬಿ ಫೋಟೊ ಮತ್ತು ಸ್ಕ್ಯಾನ್ ಮಾಡಿದ ಪತ್ರಗಳು ಬ್ರೌಸರ್ ಮೂಲಕ ಗೂಗಲ್ ಡ್ರೈವ್‌ಗೆ ಹೋಗಿವೆ. ಅಲ್ಲಿ ‘ರಚಿಸಿದ ದಿನಾಂಕ’ ಎಂದರೆ ಅಪ್‌ಲೋಡ್ ಆದ ದಿನ. ಮೂಲ ಫೈಲ್‌ಗಳು ಡಿಸ್ಕ್‌ನಲ್ಲಿ ಸರಿಯಾದ ದಿನಾಂಕದೊಂದಿಗೇ ಇವೆ.

ಕ್ಯಾಮೆರಾ ಫೋಟೊಗಳದ್ದು ಚಿಂತೆಯಿಲ್ಲ. ತೆಗೆದ ಸಮಯ ಎಕ್ಸಿಫ್‌ನಲ್ಲಿ, ಅಂದರೆ ಫೈಲ್‌ನ ಒಳಗೇ ಇರುತ್ತದೆ. ತೊಂದರೆ ಇರುವುದು ವಾಟ್ಸಾಪ್ ಚಿತ್ರಗಳು ಮತ್ತು ಸ್ಕ್ಯಾನ್‌ಗಳಲ್ಲಿ. ವಾಟ್ಸಾಪ್‌ನಲ್ಲಿ ಫೋಟೊ ಆಗಿ ಬಂದದ್ದಕ್ಕೆ ಎಕ್ಸಿಫ್ ಉಳಿಯುವುದಿಲ್ಲ. ಹೆಸರಲ್ಲಿರುವ ದಿನಾಂಕ ಬಿಟ್ಟರೆ ಫೈಲ್ ದಿನಾಂಕವೊಂದೇ ಆಧಾರ.

ಕ್ಲೌಡ್‌ಗೆ ಫೈಲ್ ನಕಲಿಸುವ ತಂತ್ರಾಂಶ ಆರ್‌ಕ್ಲೋನ್‌ನಲ್ಲಿ ಕಾಪಿ ಆದೇಶ ಕೊಟ್ಟರೆ ಅರ್ಧ ಕೆಲಸ ಆಗುತ್ತದೆ: ಗಾತ್ರ, ಚೆಕ್‌ಸಮ್ (ಫೈಲ್‌ನ ಒಳಗಿರುವುದರಿಂದ ಲೆಕ್ಕ ಹಾಕಿದ ಗುರುತು) ಹೊಂದಿಕೊಂಡು ಬದಲಿಸಿದ ಸಮಯ ಮಾತ್ರ ಬೇರೆ ಇದ್ದರೆ ಮತ್ತೆ ಅಪ್‌ಲೋಡ್ ಮಾಡದೆ ಸಮಯವನ್ನಷ್ಟೇ ತಿದ್ದುತ್ತದೆ. ಆದರೆ ರಚಿಸಿದ ಸಮಯವನ್ನು, ಮೆಟಾಡೇಟಾ (ದಿನಾಂಕದಂಥ ಫೈಲ್ ವಿವರ) ಆಯ್ಕೆ ಹಾಕಿದರೂ, ಡ್ರೈವ್‌ನಲ್ಲಿ ಹೊಸ ಅಪ್‌ಲೋಡ್ ವೇಳೆಗಷ್ಟೇ ಬರೆಯಬಹುದು.

ಹಾಗಾದರೆ 80 ಜಿಬಿ ಅಳಿಸಿ ಮತ್ತೆ ಏರಿಸುವುದೇ ದಾರಿಯೇ? ಯಾರಾದರೂ ಮಾಡಿದ್ದರೆ ದಯವಿಟ್ಟು ಹೇಳಿ. ಹಂಚಿಕೊಂಡ ಲಿಂಕ್‌ಗಳು ಮುರಿಯುತ್ತವೆ, ಅದೇ ದೊಡ್ಡ ಆತಂಕ. ಎಲ್ಲವನ್ನೂ ಒಂದೇ ಕಟ್ಟಾಗಿಸುವ ಟಾರ್ ಕಡತ ಮಾಡಿ ಏರಿಸುವವರೂ ಇದ್ದಾರೆ, ಆದರೆ ಒಂದೊಂದೇ ಚಿತ್ರ ತೆರೆದು ನೋಡಲು ಆಗದು.

ಪರೀಕ್ಷೆಗೆ ಮೂಲ ಫೋಲ್ಡರ್‌ನ ಪ್ರತಿ ಮಾಡುವವರು ಎಕ್ಸ್‌ಪ್ಲೋರರ್‌ನಲ್ಲಿ ಕಾಪಿ-ಪೇಸ್ಟ್ ಮಾಡಬೇಡಿ, ರಚಿಸಿದ ದಿನಾಂಕ ಅಲ್ಲೇ ಬದಲಾಗುತ್ತದೆ. ವಿಂಡೋಸ್‌ನಲ್ಲೇ ಇರುವ ಕಾಪಿ ಆದೇಶ ರೋಬೋಕಾಪಿ ಬಳಸಿ.