ಒಳ್ಳೆಯ ಕಥಾವಸ್ತುವನ್ನು ಕಾದಂಬರಿಗೆಂದು ಎತ್ತಿಡಬೇಕೇ?

ಕೇಳಿದವರು: ಆರು ವರ್ಷಗಳಿಂದ ಸಣ್ಣಕಥೆ ಬರೆಯುತ್ತಿದ್ದೇನೆ. ಈ ಸಲ ಒಂದು ದೀಪಾವಳಿ ವಿಶೇಷಾಂಕಕ್ಕೆ ಕಥೆ ಕಳುಹಿಸಬೇಕಾಗಿದೆ. ನನ್ನಲ್ಲಿರುವ ವಸ್ತುಗಳಲ್ಲೆಲ್ಲ ಗಟ್ಟಿಯಾದದ್ದನ್ನು ಮುಂದೆಂದಾದರೂ ಬರೆಯುವ ಕಾದಂಬರಿಗೆಂದು ಎತ್ತಿಟ್ಟಿದ್ದೇನೆ. ಈಗಲೇ ಬಳಸಿಬಿಟ್ಟರೆ ಕೈ ಬರಿದಾದೀತೆಂಬ ಅಳುಕಿದೆ. ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಸಾಗರದ ಕಥೆಗಾರರೊಬ್ಬರು: ನಾನೂ ಹೀಗೆ ಎತ್ತಿಟ್ಟವನೇ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ಹಿನ್ನೀರು ಏರಿದಾಗ ಮುಳುಗಿದ ಊರುಗಳಲ್ಲಿ ನಮ್ಮಜ್ಜಿಯದೂ ಒಂದು. ಊರು ಬಿಡುವ ದಿನ ಆಕೆ ಹಟ ಹಿಡಿದು ಒಲೆಯ ಕಲ್ಲುಗಳನ್ನು ಗಾಡಿಗೆ ಹೇರಿಸಿದ್ದಳಂತೆ. ಇದು ಸಣ್ಣಕಥೆಯಲ್ಲಿ ಕಳೆದುಬಿಡುವ ವಸ್ತುವಲ್ಲವೆಂದು ಹನ್ನೆರಡು ವರ್ಷ ಟಿಪ್ಪಣಿ ಪುಸ್ತಕದಲ್ಲಿ ಮೂರು ಸಾಲಾಗಿಯೇ ಉಳಿಸಿಕೊಂಡೆ. ಕೊನೆಗೆ ಬರೆಯಲು ಕುಳಿತ ಮೇಲಷ್ಟೇ, ಗಾಡಿ ಯಾರದು, ಕಲ್ಲುಗಳನ್ನು ಹೊಸ ಮನೆಯಲ್ಲಿ ಹೂಡಿದರೇ, ಅಜ್ಜ ಏನೆಂದ ಎಂಬ ಪ್ರಶ್ನೆಗಳು ಹುಟ್ಟಿದವು. ಉತ್ತರಿಸಬೇಕಾದವಳು ತೀರಿಕೊಂಡು ಆಗಲೇ ನಾಲ್ಕು ವರ್ಷವಾಗಿತ್ತು. ನೀರು ತೀರ ಇಳಿದ ಬೇಸಿಗೆಯಲ್ಲಿ ಅದೇ ಹಿನ್ನೀರಿನಲ್ಲಿ ಮುಳುಗಿದ್ದ ಮಡೆನೂರಿನ ಹಳೆಯ ಅಣೆಕಟ್ಟು ಹೊರಗೆ ಕಾಣಿಸಿಕೊಂಡಾಗ ಹೋಗಿ ನೋಡಿಯೂ ಬಂದೆ, ಆದರೆ ನನಗೆ ಬೇಕಾದದ್ದು ಅಲ್ಲಿರಲಿಲ್ಲ. ಇದ್ದಷ್ಟರಲ್ಲೇ ಎಂಟು ಪುಟದ ಕಥೆ ಮಾಡಿ ಅಚ್ಚಿಗೆ ಕೊಟ್ಟೆ. ಅದನ್ನು ಓದಿದ ದೂರದ ನೆಂಟರೊಬ್ಬರು ಫೋನ್ ಮಾಡಿ, ಆ ಗಾಡಿ ತಮ್ಮ ತಂದೆಯದೆಂದು ಹೇಳಿ, ಒಂದು ಗಂಟೆ ಮಾತನಾಡಿದರು. ಈಗ ಬರೆಯುತ್ತಿರುವ ಕಾದಂಬರಿ ಹೊರಟದ್ದು ಆ ಮಾತಿನಿಂದ.

ಈರುಳ್ಳಿ ಬೆಳೆಗಾರರೊಬ್ಬರು: ಕಥೆಯ ವಿಚಾರ ನನಗೆ ತಿಳಿಯದು. ಈರುಳ್ಳಿ ಬೀಜ ಮಾತ್ರ ಬೇರೆ ಬೀಜಗಳಿಗಿಂತ ಬೇಗ ಮೊಳೆಯುವ ಶಕ್ತಿ ಕಳೆದುಕೊಳ್ಳುವುದರಿಂದ, ಚೆನ್ನಾಗಿದೆಯೆಂದು ಡಬ್ಬಿಯಲ್ಲಿಟ್ಟು ಮರೆತವನು ಮಡಿಯಲ್ಲಿ ಬರೀ ಮಣ್ಣು ನೋಡುತ್ತಾನೆ. ನಾನೂ ನೋಡಿದ್ದೇನೆ.

ಜೀವಶಾಸ್ತ್ರದ ಉಪನ್ಯಾಸಕಿಯೊಬ್ಬರು: ಕಾಯುವುದೆಲ್ಲವೂ ತಪ್ಪೆಂದು ನಾನು ಒಪ್ಪುವುದಿಲ್ಲ. ಡಾರ್ವಿನ್ 1844ರಲ್ಲೇ ಜೀವಿಗಳು ನೈಸರ್ಗಿಕ ಆಯ್ಕೆಯಿಂದ ವಿಕಾಸಗೊಳ್ಳುತ್ತವೆಂಬ ತಮ್ಮ ವಾದವನ್ನು ಸುಮಾರು 230 ಪುಟಗಳಲ್ಲಿ ಬರೆದಿಟ್ಟು, ಬಳಿಕ ಎಂಟು ವರ್ಷ ಬಾರ್ನಕಲ್‌ಗಳೆಂಬ ಕಡಲಜೀವಿಗಳ ಅಧ್ಯಯನದಲ್ಲಿ ಕಳೆದರು. ಆ ದುಡಿಮೆಯಿಂದ ವಾದಕ್ಕೆ ಬಲವೇ ಬಂತು. ಆದರೆ 1858ರ ಜೂನ್‌ನಲ್ಲಿ ಅದೇ ವಿಚಾರವನ್ನು ಹೊತ್ತ, ಇನ್ನೊಬ್ಬ ಜೀವವಿಜ್ಞಾನಿ ವಾಲೇಸರ ಪತ್ರ ಕೈಸೇರಿದಾಗ, ಬರೆಯುತ್ತಿದ್ದ ಮಹಾಗ್ರಂಥವನ್ನು ಬದಿಗಿಟ್ಟು, ಕೇವಲ ಸಾರಾಂಶವೆಂದು ತಾವೇ ಭಾವಿಸಿದ್ದ ಪುಸ್ತಕವನ್ನು 1859ರ ನವೆಂಬರ್‌ನಲ್ಲಿ ಪ್ರಕಟಿಸಬೇಕಾಯಿತು. ಜಗತ್ತು ಓದಿದ್ದು ಆ ಸಾರಾಂಶವನ್ನೇ. ಮಹಾಗ್ರಂಥ ಅವರ ಜೀವಿತಕಾಲದಲ್ಲಿ ಮುಗಿಯಲೇ ಇಲ್ಲ. ವಿಶೇಷಾಂಕದ ಗಡುವಿಗಾಗಿ ಅವಸರಪಡಿ ಎಂದು ನಾನು ಹೇಳಲಾರೆ, ಆದರೆ ಇಷ್ಟನ್ನು ಕೇಳುತ್ತೇನೆ: ಎತ್ತಿಟ್ಟ ದಿನದಿಂದ ಈವರೆಗೆ ಆ ವಸ್ತುವಿಗೆ ನೀವು ಒಂದು ಪುಟವನ್ನಾದರೂ ಸೇರಿಸಿದ್ದೀರಾ?